ಚೀಟಿಯ ಮೇಲೆ ಮುಖ ಮೂಡುವ ಮುನ್ನ

ಉಳ್ಳಾಲದ ರಾಣಿ ಅಬ್ಬಕ್ಕನ ಹೆಸರಿನಲ್ಲಿ ಅಂಚೆ ಇಲಾಖೆ ಒಂದು ವಿಶೇಷ ಲಕೋಟೆ ಹೊರತಂದದ್ದು 2003ರ ಜನವರಿಯಲ್ಲಿ. ಆಕೆಯ ಸ್ಮರಣೆಯ ಅಂಚೆಚೀಟಿ ಬಂದದ್ದು 2023ರ ಡಿಸೆಂಬರಿನಲ್ಲಿ. ನಡುವೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹೋಯಿತು. ಆ ಅವಧಿಯಲ್ಲೇ, 2012ರಲ್ಲಿ, ಕರಾವಳಿ ಕಾವಲು ಪಡೆಯ ಗಸ್ತು ಹಡಗೊಂದು ಆಕೆಯ ಹೆಸರು ಹೊತ್ತು ಸೇವೆಗೆ ಸೇರಿತ್ತು. ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರಿಗೆ ಕಪ್ಪ ಕೊಡಲು ಒಪ್ಪದೆ ನಿಂತವಳಿಗೆ ಹಡಗು ಮೊದಲು ಸಿಕ್ಕಿತು, ಚೀಟಿ ಆಮೇಲೆ ಸಿಕ್ಕಿತು.

ಲಕೋಟೆಗೂ ಚೀಟಿಗೂ ಅಂಥದ್ದೇನು ವ್ಯತ್ಯಾಸ ಎಂದು ಹಲವರು ಕೇಳುತ್ತಾರೆ. ವಿಶೇಷ ಲಕೋಟೆಯನ್ನು ಆಯಾ ರಾಜ್ಯದ ಅಂಚೆ ವೃತ್ತವೇ ಹೊರಡಿಸಬಹುದು. ಒಂದು ಊರಿನ ಶಾಲೆಗೆ ನೂರು ವರ್ಷವಾಯಿತು, ಒಂದು ಸೀಮೆಯ ಹಣ್ಣಿಗೆ ಭೌಗೋಳಿಕ ಗುರುತು ಸಿಕ್ಕಿತು ಎಂದರೆ ಚಿತ್ರ ಅಚ್ಚಾದ ಒಂದು ಲಕೋಟೆ ಸಿದ್ಧವಾಗುತ್ತದೆ. ಅದರ ಮೇಲೆ ಯಾವುದೋ ಒಂದು ಚಾಲ್ತಿಯ ಚೀಟಿ ಅಂಟಿಸಿ, ಆ ದಿನಕ್ಕೆಂದೇ ಮಾಡಿಸಿದ ಠಸ್ಸೆ ಒತ್ತುತ್ತಾರೆ. ಅದಕ್ಕೆ ಅದರದೇ ಬೆಲೆಯಿದೆ, ಸ್ಥಳೀಯ ಇತಿಹಾಸಕ್ಕೆ ಅದು ಒಳ್ಳೆಯ ದಾಖಲೆ ಕೂಡ. ಆದರೆ ಅಂಚೆಚೀಟಿಯನ್ನು ಹೊರಡಿಸುವುದು ಭಾರತ ಸರ್ಕಾರ. ಅದು ಹಣದಂತೆಯೇ ಮುಖಬೆಲೆಯುಳ್ಳ ಕಾಗದ. ಉಳ್ಳಾಲದಲ್ಲಿ ಅಂಟಿಸಿದ್ದು ಲಡಾಖಿನಲ್ಲೂ ಸಲ್ಲುತ್ತದೆ. 1874ರಲ್ಲಿ ಬರ್ನ್ ನಗರದಲ್ಲಿ ಹುಟ್ಟಿದ ವಿಶ್ವ ಅಂಚೆ ಒಕ್ಕೂಟದ ಒಪ್ಪಂದದ ಬಲದಿಂದ ದೇಶದ ಗಡಿಯಾಚೆಗೂ ನಡೆಯುತ್ತದೆ. ಒಬ್ಬ ವ್ಯಕ್ತಿಯನ್ನು ಊರು ನೆನೆಯುವುದಕ್ಕೂ ದೇಶ ನೆನೆಯುವುದಕ್ಕೂ ಇರುವ ದೂರವೇ ಆ ಇಪ್ಪತ್ತು ವರ್ಷ.

ಅಬ್ಬಕ್ಕನ ಚೀಟಿಗೆ ಇನ್ನೊಂದು ತೊಡಕಿತ್ತು. ಆಕೆ ಹೇಗಿದ್ದಳು? ಚೌಟ ಅರಸು ಮನೆತನದ ಆ ರಾಣಿಯನ್ನು ಎದುರಿಗೆ ಕೂರಿಸಿಕೊಂಡು ಬರೆದ ಚಿತ್ರವೊಂದೂ ನಮಗೆ ಉಳಿದು ಬಂದಿಲ್ಲ. ಉಳಿದಿರುವುದು ಒಬ್ಬ ಪ್ರವಾಸಿಯ ಮಾತು. ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ 1623ರ ಡಿಸೆಂಬರಿನಲ್ಲಿ ಮಂಗಳೂರಿನಿಂದ ಹೊರಟು ಉಳ್ಳಾಲದ ರಾಣಿಯನ್ನು ನೋಡಲು ಒಳನಾಡಿಗೆ ಹೋದ. ರಾಣಿ ಸಿಕ್ಕಿದ್ದು ಅರಮನೆಯಲ್ಲಲ್ಲ, ಬಯಲಿನಲ್ಲಿ. ಗದ್ದೆಗೆ ನೀರು ಹಾಯಿಸಲು ಕಾಲುವೆ ತೋಡಿಸುತ್ತಿದ್ದ ಕೆಲಸ ನೋಡಿಕೊಳ್ಳಲು ಆಕೆ ಬರಿಗಾಲಲ್ಲಿ ನಡೆದು ಬರುತ್ತಿದ್ದಳು. ಮೈಮೇಲೆ ಸಾದಾ ಹತ್ತಿಬಟ್ಟೆ, ತಲೆಯ ಮೇಲೆ ಆಳು ಹಿಡಿದಿದ್ದ ತಾಳೆಗರಿಯ ದೊಡ್ಡ ಕೊಡೆ, ಬಣ್ಣ ಕಪ್ಪು, ಮೈಕಟ್ಟು ತುಂಬಿದ್ದು. ನೋಡಲು ಅಡುಗೆಯವಳಂತೆ ಕಂಡರೂ ಮಾತಿಗಿಳಿದ ಮೇಲೆ ರಾಣಿಯೇ ಸರಿ ಅನ್ನಿಸಿತು ಎಂಬರ್ಥದಲ್ಲಿ ಅವನು ಬರೆದಿಟ್ಟಿದ್ದಾನೆ. ಅಬ್ಬಕ್ಕ ಎಂಬ ಹೆಸರಿನ ರಾಣಿಯರು ಒಬ್ಬರಿಗಿಂತ ಹೆಚ್ಚು ಮಂದಿ ಇದ್ದರು, ಅವನು ಕಂಡವಳು ಇವರಲ್ಲಿ ಯಾರು ಎಂಬ ಚರ್ಚೆ ಇತಿಹಾಸಕಾರರಲ್ಲಿ ನಡೆದೇ ಇದೆ. ಅದೇನೇ ಇರಲಿ, ಆ ಬರವಣಿಗೆಯಲ್ಲಿ ಕಾಣುವ ಹೆಂಗಸು ನನಗೆ ಕತ್ತಿ ಎತ್ತಿ ಹಿಡಿದ ಯಾವ ಚಿತ್ರಕ್ಕಿಂತಲೂ ಹೆಚ್ಚು ಹಿಡಿಸುತ್ತಾಳೆ. ಸ್ಮರಣೆಯ ಚೀಟಿ ಬರೆಯುವ ಕಲಾವಿದರಿಗೆ ಅಂಗೈಗಿಂತ ಚಿಕ್ಕ ಜಾಗದಲ್ಲಿ, ನೋಡಿದ ಕ್ಷಣದಲ್ಲೇ ಗುರುತು ಹತ್ತುವಂತೆ ಒಂದು ಮುಖ ಕೊಡಬೇಕಾದ ಒತ್ತಡವಿರುತ್ತದೆ. ಕಿರೀಟ, ಕತ್ತಿ, ಕುದುರೆ ಆ ಕೆಲಸವನ್ನು ಬೇಗ ಮಾಡಿಕೊಡುತ್ತವೆ. ಬರಿಗಾಲು, ಕೊಡೆ, ಕಾಲುವೆಯ ಮಣ್ಣು ಅಷ್ಟು ಬೇಗ ಮಾಡಿಕೊಡುವುದಿಲ್ಲ. ಆದರೂ ಒಂದು ದಿನ ಯಾರಾದರೂ ಆ ರಾಣಿಯನ್ನೂ ಚೀಟಿಗೆ ತರಲಿ ಎಂದು ನನಗೆ ಆಸೆಯಿದೆ.

ಇಷ್ಟಕ್ಕೂ ಚೀಟಿ ತಾನಾಗಿ ಬರುವುದಿಲ್ಲ. ಯಾರೋ ಕೇಳಬೇಕು. ಸ್ಮರಣೆಯ ಅಂಚೆಚೀಟಿ ಹೊರಡಿಸಬೇಕೆಂದು ಸಾಮಾನ್ಯ ನಾಗರಿಕರೂ ಸಂಘಸಂಸ್ಥೆಗಳೂ ಅರ್ಜಿ ಹಾಕಬಹುದು ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಅರ್ಜಿ ಹೋಗಿ ಸೇರುವುದು ದೆಹಲಿಯ ಸಂಸದ್ ಮಾರ್ಗದಲ್ಲಿರುವ ಡಾಕ್ ಭವನಕ್ಕೆ, ಅಲ್ಲಿನ ಫಿಲಾಟೆಲಿ, ಅಂದರೆ ಅಂಚೆಚೀಟಿ ಸಂಗ್ರಹದ, ವಿಭಾಗಕ್ಕೆ. ಚೀಟಿ ಬೇಕಾದ ದಿನಕ್ಕೆ ಎರಡು ವರ್ಷ ಮೊದಲೇ ಅದು ತಲುಪಿರಬೇಕು. ಫಿಲಾಟೆಲಿ ಸಲಹಾ ಸಮಿತಿ ಎಂಬುದೊಂದಿದೆ. ಬಂದ ಪ್ರಸ್ತಾವಗಳು ಅದರ ಮುಂದೆ ಹೋಗುತ್ತವೆ. ವ್ಯಕ್ತಿಗೆ ರಾಷ್ಟ್ರಮಟ್ಟದ ಮಹತ್ವ ಇರಬೇಕು. ತೀರಿಕೊಂಡು ಹತ್ತು ವರ್ಷವಾದರೂ ಕಳೆದಿರಬೇಕು. ಹುಟ್ಟಿದ್ದರದೋ ತೀರಿಕೊಂಡದ್ದರದೋ ನೂರನೆಯ ವರ್ಷದಂಥ ಸಂದರ್ಭವಿದ್ದರೆ ಒಳ್ಳೆಯದು. ಬದುಕಿರುವವರ ಹೆಸರಿನಲ್ಲಿ ಚೀಟಿ ಇಲ್ಲ. ನಿಯಮ ಹೀಗೆ.

ನಿಯಮ ಮುರಿದ ಕತೆಗಳು ನಿಯಮಕ್ಕಿಂತ ರುಚಿಯಾಗಿವೆ. ವಿಧವೆಯರ ಶಿಕ್ಷಣಕ್ಕೆ ಬಾಳನ್ನೇ ಕೊಟ್ಟ ಧೊಂಡೊ ಕೇಶವ ಕರ್ವೆಯವರಿಗೆ 1958ರ ಏಪ್ರಿಲ್ 18ರಂದು ನೂರು ತುಂಬಿತು. ಅಂದೇ ಅವರ ಚೀಟಿ ಬಂತು. ಬದುಕಿರುವಾಗಲೇ ಸ್ವತಂತ್ರ ಭಾರತದ ಅಂಚೆಚೀಟಿಯ ಮೇಲೆ ತಮ್ಮ ಮುಖ ಕಂಡ ಮೊದಲ ಭಾರತೀಯ ಅವರು. ಅವರ ನಂತರದ ಸರದಿ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರದು. 1960ರ ಸೆಪ್ಟೆಂಬರ್ 15ರಂದು, ಹುಟ್ಟುಹಬ್ಬದ ದಿನವೇ, ಅವರ ಚೀಟಿ ಬಿಡುಗಡೆಯಾಯಿತು. ಆ ಮೇಲೂ ಅವರು 1962ರವರೆಗೆ ಬದುಕಿದ್ದರು. ಕೃಷ್ಣರಾಜಸಾಗರವನ್ನೂ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನೂ ಮೈಸೂರು ವಿಶ್ವವಿದ್ಯಾಲಯವನ್ನೂ ನೆನೆದರೆ, ನಿಯಮ ಅವರೆದುರು ಬಾಗಿದ್ದರಲ್ಲಿ ಆಶ್ಚರ್ಯವೇನಿಲ್ಲ. ಮದರ್ ತೆರೇಸಾ ಅವರಿಗೆ 1980ರಲ್ಲಿ, ಸಚಿನ್ ತೆಂಡೂಲ್ಕರ್ ಅವರಿಗೆ 2013ರ ನವೆಂಬರಿನಲ್ಲಿ, ಕೊನೆಯ ಟೆಸ್ಟ್ ಆಡುತ್ತಿರುವಾಗಲೇ, ಇದೇ ಗೌರವ ಸಿಕ್ಕಿತು.

ಹತ್ತು ವರ್ಷದ ನಿಯಮವೂ ಸಡಿಲಾಗುವುದುಂಟು. ಡಾ. ರಾಜ್‌ಕುಮಾರ್ ತೀರಿಕೊಂಡದ್ದು 2006ರ ಏಪ್ರಿಲಿನಲ್ಲಿ. ಅವರ ಚೀಟಿ 2009ರ ನವೆಂಬರ್ ಒಂದಕ್ಕೇ, ರಾಜ್ಯೋತ್ಸವದ ದಿನ, ಕೈಗೆ ಬಂತು. ಜನರ ಪ್ರೀತಿ ಅಷ್ಟು ಗಟ್ಟಿಯಾಗಿದ್ದರೆ ಕಡತ ಬೇಗ ನಡೆಯುತ್ತದೆ.

2014ರ ಸೆಪ್ಟೆಂಬರ್ 3ರಂದು ಬಂದ ಸಂಗೀತಗಾರರ ಸರಣಿಯ ಬಗ್ಗೆ ಮಾತ್ರ ಒಂದು ನಿಮಿಷ ನಿಂತು ಮಾತಾಡಬೇಕು. ಎಂಟು ಚೀಟಿ, ಎಂಟು ಜನ: ಅಲಿ ಅಕ್ಬರ್ ಖಾನ್, ರವಿಶಂಕರ್, ವಿಲಾಯತ್ ಖಾನ್, ಡಿ.ಕೆ. ಪಟ್ಟಮ್ಮಾಳ್, ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನಸೂರ, ಕುಮಾರ ಗಂಧರ್ವ. ಇಡೀ ಭಾರತದಿಂದ ಆರಿಸಿದ ಎಂಟರಲ್ಲಿ ನಾಲ್ವರು ಧಾರವಾಡ, ಗದಗ, ಬೆಳಗಾವಿಯ ಸುತ್ತಿನ ನೆಲದವರು. ಮನಸೂರು ಧಾರವಾಡದ ಪಕ್ಕದ ಹಳ್ಳಿ. ಗಂಗೂಬಾಯಿಯವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತರು. ಗದಗ ಸೀಮೆಯ ಭೀಮಸೇನರಿಗೂ ಅವರೇ ಗುರು. ಬೆಳಗಾವಿ ಹತ್ತಿರದ ಸುಳೇಭಾವಿಯ ಶಿವಪುತ್ರ ಕೋಮಕಾಳಿಮಠ ಎಳೆಯ ವಯಸ್ಸಿನಲ್ಲೇ ಮುಂಬಯಿಯ ದೇವಧರ ಮಾಸ್ತರರ ಬಳಿ ಹೋಗಿ, ಮುಂದೆ ಮಧ್ಯಪ್ರದೇಶದ ದೇವಾಸದಲ್ಲಿ ನೆಲೆಸಿ, ಲೋಕಕ್ಕೆಲ್ಲ ಕುಮಾರ ಗಂಧರ್ವರಾಗಿ ಉಳಿದರು. ಚೀಟಿಯ ಮೇಲೆ ಇದಾವುದೂ ಇಲ್ಲ. ಇರುವುದು ಮುಖ, ಹೆಸರು, ಬೆಲೆ. ಹಾಗಾಗಿಯೇ ಆ ನಾಲ್ಕನ್ನು ಆಲ್ಬಮ್ಮಿನ ಒಂದೇ ಪುಟದಲ್ಲಿ ಅಕ್ಕಪಕ್ಕ ಇಟ್ಟು, ಕೆಳಗೆ ಅವರವರ ಊರಿನ ಹೆಸರು ಬರೆದು ಮಕ್ಕಳಿಗೆ ತೋರಿಸಬೇಕು. ಒಂದು ಸೀಮೆಯ ಸಂಗೀತದ ಇತಿಹಾಸ ಅರ್ಧ ಪುಟದಲ್ಲಿ ಕಣ್ಣಿಗೆ ಬೀಳುತ್ತದೆ.

ಪ್ರತಿ ಹೊಸ ಚೀಟಿಯ ಜೊತೆ ಇಲಾಖೆ ಒಂದು ಮಡಿಕೆಯ ಮಾಹಿತಿಪತ್ರವನ್ನೂ ಮಾರುತ್ತದೆ. ಬ್ರೋಷರ್ ಎಂದೇ ಎಲ್ಲರೂ ಕರೆಯುತ್ತಾರೆ. ಅದರೊಳಗೆ ವ್ಯಕ್ತಿಯ ಪರಿಚಯದ ಕೆಳಗೆ ಸಣ್ಣ ಅಕ್ಷರದಲ್ಲಿ ಎಷ್ಟು ಚೀಟಿ ಅಚ್ಚಾಯಿತು, ಯಾವ ಮುದ್ರಣ ವಿಧಾನ, ಯಾವ ಮುದ್ರಣಾಲಯ ಎಂಬುದೆಲ್ಲ ಇರುತ್ತದೆ. ಸಂಗ್ರಾಹಕರು ಮೊದಲು ಓದುವುದೇ ಆ ಭಾಗವನ್ನು. ಈಚಿನ ಬಹುಪಾಲು ಚೀಟಿಗಳು ವೆಟ್ ಆಫ್‌ಸೆಟ್ ವಿಧಾನದವು. ಭೂತಗನ್ನಡಿ ಹಿಡಿದು ನೋಡಿದರೆ ಕೆನ್ನೆಯ ನುಣುಪೆಲ್ಲ ಕರಗಿ ನಾಲ್ಕು ಬಣ್ಣದ ಚುಕ್ಕೆಗಳು ಗುಂಪು ಗುಂಪಾಗಿ ಕಾಣುತ್ತವೆ. ಕನ್ನಡಿ ದೂರ ಸರಿಸಿದರೆ ಅದೇ ಚುಕ್ಕೆಗಳು ಮತ್ತೆ ಮುಖವಾಗುತ್ತವೆ. ಹಳೆಯ ಫೋಟೊಗ್ರ್ಯಾವ್ಯೂರ್ ಚೀಟಿಯಲ್ಲಿ ಶಾಯಿ ಇನ್ನೂ ಮೆದುವಾಗಿ, ನೆರಳಿನಿಂದ ಬೆಳಕಿಗೆ ಸದ್ದಿಲ್ಲದೆ ಜಾರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟವರಿಗೆ ಹಳೆಯದರ ಮೇಲೆ ಮೋಹ ಹುಟ್ಟುವುದು ಸಹಜ. ಈ ಬ್ರೋಷರುಗಳ ಬಗ್ಗೆ ನನ್ನದೊಂದು ಬೇಡಿಕೆಯೂ ಇದೆ. ಅವು ಸಾಮಾನ್ಯವಾಗಿ ಹಿಂದಿ ಮತ್ತು ಇಂಗ್ಲಿಷಿನಲ್ಲಿರುತ್ತವೆ. ಮನಸೂರರ ಬಗ್ಗೆ, ಅಬ್ಬಕ್ಕನ ಬಗ್ಗೆ ಬರೆದದ್ದು ಅವರ ಊರಿನ ಮಕ್ಕಳು ಓದುವ ಭಾಷೆಯಲ್ಲೂ ಇರಬೇಕು. ಒಂದು ಮಡಿಕೆ ಹೆಚ್ಚು ಸೇರಿಸಿದರೆ ಸಾಕು.

ಈ ದೇಶದಲ್ಲಿ ಅಂಚೆಚೀಟಿ ಶುರುವಾದದ್ದು ನೆನಪಿಗಾಗಿ ಅಲ್ಲ, ಲೆಕ್ಕಕ್ಕಾಗಿ. 1852ರಲ್ಲಿ ಕರಾಚಿಯಲ್ಲಿ ಸಿಂಧ್ ಡಾಕ್ ಚೀಟಿಗಳು ಬಂದವು, ಏಷ್ಯಾದಲ್ಲೇ ಮೊದಲನೆಯವು. 1854ರ ಅಕ್ಟೋಬರಿನಲ್ಲಿ ಇಡೀ ಬ್ರಿಟಿಷ್ ಇಂಡಿಯಾಕ್ಕೆ ಒಂದೇ ದರ ಬಂತು. ಕಾಲು ತೊಲದೊಳಗಿನ ಕಾಗದಕ್ಕೆ ಅರ್ಧ ಆಣೆ, ಊರು ಹತ್ತಿರವಿರಲಿ ದೂರವಿರಲಿ. ಅಲ್ಲಿಯವರೆಗೆ ಮೈಲಿ ಲೆಕ್ಕದಲ್ಲಿ ದುಡ್ಡು ಕೊಡಬೇಕಾಗಿದ್ದ ಜನಕ್ಕೆ ಅದೊಂದು ದೊಡ್ಡ ಬಿಡುಗಡೆ. 1854ರ ಆ ಚೀಟಿಗಳಲ್ಲಿ ವಿಕ್ಟೋರಿಯಾ ರಾಣಿಯ ತಲೆ ಬಿಟ್ಟರೆ ಬೇರೇನಿಲ್ಲ. ಅಂಚಿನಲ್ಲಿ ತೂತುಗಳೂ ಇರಲಿಲ್ಲ, ಕತ್ತರಿಯಲ್ಲಿ ಕತ್ತರಿಸಿ ಕೊಡುತ್ತಿದ್ದರು. ನಾಲ್ಕಾಣೆಯದಕ್ಕೆ ಎರಡು ಬಣ್ಣ, ಎರಡು ಸಲ ಅಚ್ಚು. ಕೆಲವು ಹಾಳೆಗಳು ಎರಡನೆಯ ಸಲ ತಿರುಗುಮುರುಗಾಗಿ ಹೋಗಿ ರಾಣಿಯ ತಲೆ ಕೆಳಗಾಯಿತು. ಇಂದು ಅತಿ ಬೆಲೆಬಾಳುವ ಭಾರತೀಯ ಚೀಟಿಗಳಲ್ಲಿ ಅದೂ ಒಂದು. ಸ್ಮರಣೆಗೆಂದೇ ಚೀಟಿ ಹೊರಡಿಸುವ ಪದ್ಧತಿ ಇಲ್ಲಿ ಬಂದದ್ದು ಬಹಳ ತಡವಾಗಿ, 1931ರಲ್ಲಿ, ನವದೆಹಲಿಯ ಉದ್ಘಾಟನೆಗೆ.

ಸ್ವಾತಂತ್ರ್ಯ ಬಂದ ಮೇಲೆ ಕಥೆ ಬೇರೆಯಾಯಿತು. 1947ರ ನವೆಂಬರ್ 21ರಂದು ತ್ರಿವರ್ಣ ಧ್ವಜದ ಮೂರೂವರೆ ಆಣೆಯ ಚೀಟಿ 'ಜೈ ಹಿಂದ್' ಎಂಬ ಬರಹದೊಂದಿಗೆ ಬಂತು. ಮರುವರ್ಷ ಆಗಸ್ಟ್ 15ಕ್ಕೆ ಗಾಂಧೀಜಿಯ ನಾಲ್ಕು ಚೀಟಿಗಳು. ಅವರು ಹತರಾಗಿ ಏಳು ತಿಂಗಳೂ ಆಗಿರಲಿಲ್ಲ. ಚೀಟಿಯ ಮೇಲೆ 'ಬಾಪು' ಎಂದು ದೇವನಾಗರಿಯಲ್ಲೂ ಉರ್ದುವಿನಲ್ಲೂ ಬರೆದಿತ್ತು. ಅಚ್ಚಾದದ್ದು ಸ್ವಿಟ್ಜರ್ಲೆಂಡಿನ ಕೂರ್ವಾಸಿಯೆ ಮುದ್ರಣಾಲಯದಲ್ಲಿ. ಸ್ವದೇಶಿಗಾಗಿ ಬದುಕಿದವರ ಚೀಟಿ ಪರದೇಶದಲ್ಲಿ ಅಚ್ಚಾಯಿತಲ್ಲ ಎಂಬ ನೋವು ಆಗ ಕೇಳಿಬಂದದ್ದು ನ್ಯಾಯವೇ. ನಾಸಿಕದ ಸೆಕ್ಯುರಿಟಿ ಪ್ರೆಸ್ಸಿನಲ್ಲಿ ಫೋಟೊಗ್ರ್ಯಾವ್ಯೂರ್ ಯಂತ್ರ ಆಗ ಇರಲಿಲ್ಲ. ಅದು ಬಂದ ಮೇಲೆ 1952ರಲ್ಲಿ ನಾಸಿಕದಲ್ಲೇ ಆ ವಿಧಾನದಲ್ಲಿ ಅಚ್ಚಾದ ಮೊದಲ ಸರಣಿ ಸಂತರದು, ಕವಿಗಳದು: ಕಬೀರ, ತುಲಸೀದಾಸ, ಮೀರಾ, ಸೂರದಾಸ, ಗಾಲಿಬ್, ರವೀಂದ್ರನಾಥ ಟಾಗೋರ್. ಆರು ಜನರಲ್ಲಿ ವಿಂಧ್ಯದಿಂದ ಈಚೆಗಿನವರು ಒಬ್ಬರೂ ಇರಲಿಲ್ಲ. ಪುರಂದರದಾಸರು ಬಂದದ್ದು 1964ರ ಜನವರಿ 14ರಂದು, ಪುಷ್ಯದ ಅಮಾವಾಸ್ಯೆಗೆ, ಅವರು ತೀರಿಕೊಂಡ ನಾನೂರನೇ ವರ್ಷದ ಆರಾಧನೆಯ ಹೊತ್ತಿಗೆ. ಬಸವಣ್ಣ ಬಂದದ್ದು 1967ರಲ್ಲಿ. ಇನ್ನು ಗಾಂಧೀಜಿಯ ಚೀಟಿಯ ಆ ಹಳೆಯ ನೋವಿಗೆ ಉತ್ತರವೆಂಬಂತೆ 2011ರ ಫೆಬ್ರವರಿಯಲ್ಲಿ ಖಾದಿ ಬಟ್ಟೆಯ ಮೇಲೆಯೇ ಅವರ ಚೀಟಿ ಅಚ್ಚಾಯಿತು. ಮುಖಬೆಲೆ ಇನ್ನೂರೈವತ್ತು ರೂಪಾಯಿ.

ಆ ಬೆಲೆಯ ಬಗ್ಗೆ ನನ್ನ ಮನಸ್ಸಿನಲ್ಲಿ ಒಂದು ತಕರಾರಿದೆ. ಸಾದಾ ಕಾಗದ ಐದು ರೂಪಾಯಿಗೆ ಹೋಗುವ ದೇಶದಲ್ಲಿ ಇನ್ನೂರೈವತ್ತರ ಚೀಟಿ ಯಾವ ಲಕೋಟೆಗೆ ಅಂಟೀತು? 2017ರ ಏಪ್ರಿಲ್ 23ರಂದು ಬೆಂಗಳೂರಿನ ಜಿಪಿಒದಲ್ಲಿ ಬಿಡುಗಡೆಯಾದ ಕಾಫಿ ಪರಿಮಳದ ಚೀಟಿಯದೂ ಅದೇ ಕತೆ. ಬೆಲೆ ನೂರು ರೂಪಾಯಿ. ವಿಷಯವೇನೋ ಚೆನ್ನಾಗಿತ್ತು. ಬಾಬಾಬುಡನ್ ಅವರು ಹದಿನೇಳನೇ ಶತಮಾನದಲ್ಲಿ ಮೋಕಾದಿಂದ ಏಳು ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ಊರಿದರೆಂಬ ಐತಿಹ್ಯ ಚಿಕ್ಕಮಗಳೂರಿನವರ ಬಾಯಲ್ಲಿ ಇಂದಿಗೂ ಇದೆ. ದೇಶದ ಕಾಫಿಯಲ್ಲಿ ಮುಕ್ಕಾಲಿಗೆ ಹತ್ತಿರದ ಪಾಲು ಕರ್ನಾಟಕದ್ದೇ. ಬಿಡುಗಡೆ ಬೆಂಗಳೂರಿನಲ್ಲಾದದ್ದೂ ಸರಿಯೇ. ಪರಿಮಳದ ಚೀಟಿಗಳು ಅಷ್ಟು ಹೊತ್ತಿಗೆ ಹೊಸತೂ ಆಗಿರಲಿಲ್ಲ. ಭೂತಾನ 1973ರಲ್ಲೇ ಗುಲಾಬಿ ಪರಿಮಳದ ಚೀಟಿ ತಂದಿತ್ತು. ನಮ್ಮಲ್ಲಿ ಮೊದಲು ಬಂದದ್ದು ಗಂಧದ ಪರಿಮಳದ್ದು, 2006ರ ಡಿಸೆಂಬರಿನಲ್ಲಿ, ಹದಿನೈದು ರೂಪಾಯಿಗೆ. ಆಮೇಲೆ ಗುಲಾಬಿ, ಮಲ್ಲಿಗೆ. ಇಂಥ ಮುದ್ರಣದಲ್ಲಿ ಸುಗಂಧವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕೋಶಗಳಲ್ಲಿ ತುಂಬಿ ಕಾಗದದ ಮೇಲೆ ಲೇಪಿಸುವುದು ರೂಢಿ. ಬೆರಳಿನಿಂದ ಮೆಲ್ಲಗೆ ಉಜ್ಜಿದರೆ ಕೋಶ ಒಡೆದು ವಾಸನೆ ಹೊರಬರುತ್ತದೆ. ವರ್ಷಗಳು ಕಳೆದಂತೆ ವಾಸನೆ ತಗ್ಗುತ್ತದೆ, ಚಿತ್ರ ಮಾತ್ರ ಉಳಿಯುತ್ತದೆ. ಗಂಧದ ಚೀಟಿ ಹದಿನೈದು ರೂಪಾಯಿಯದಾದ್ದರಿಂದ ಕಾಗದದ ಮೇಲೆ ಅಂಟಿಕೊಂಡು ನಾಲ್ಕೂರು ತಿರುಗಿತು. ನೂರರ ಕಾಫಿ ನೇರವಾಗಿ ಆಲ್ಬಮ್ಮಿಗೆ ಹೋಯಿತು. ಕಾಗದದ ಮೇಲೆ ಕೂತು ಪ್ರಯಾಣ ಮಾಡದ ಚೀಟಿ ನನ್ನ ಲೆಕ್ಕದಲ್ಲಿ ಅರ್ಧ ಕೆಲಸ ಮಾಡಿದ ಚೀಟಿ. ಚಿಕ್ಕಮಗಳೂರಿನ ಬೆಳೆಗಾರರ ಮನೆಯಿಂದ ಹೊರಡುವ ಒಂದು ಮದುವೆಯ ಕಾಗದದ ಮೇಲೆ ಕಾಫಿಯ ಚೀಟಿ ಇರಬೇಕಿತ್ತು. ಐದು ರೂಪಾಯಿಗೆ ಅದನ್ನು ತಂದಿದ್ದರೆ ಇರುತ್ತಿತ್ತು.

ಒಂದೇ ವಿಷಯಕ್ಕೆ ಎರಡು ಸಲ ಚೀಟಿ ಬರುವುದೂ ಉಂಟು. ಕಿತ್ತೂರು ರಾಣಿ ಚೆನ್ನಮ್ಮನ ಚೀಟಿ 1977ರ ಅಕ್ಟೋಬರ್ 23ರಂದು ಬಂತು. ಕಿತ್ತೂರಿನ ವಿಜಯಕ್ಕೆ ಇನ್ನೂರು ತುಂಬಿದಾಗ, 2024ರ ಅಕ್ಟೋಬರ್ 23ಕ್ಕೆ, ಮತ್ತೊಂದು ಬಂತು. ದಿನಾಂಕ ಒಂದೇ, ಏಕೆಂದರೆ 1824ರ ಆ ದಿನವೇ ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕೋಟೆಯ ಮುಂದೆ ಸತ್ತುಬಿದ್ದದ್ದು. ದತ್ತು ಮಗನಿಗೆ ಗಾದಿ ಒಪ್ಪಲು ಕಂಪನಿ ಸರ್ಕಾರ ತಯಾರಿರಲಿಲ್ಲ, ಖಜಾನೆಗೆ ಬೀಗಮುದ್ರೆ ಹಾಕಲು ಬಂದಿತ್ತು. ಮೊದಲ ಚೀಟಿ ರಾಣಿಯದು. ಎರಡನೆಯದು ಒಂದು ದಿನದ್ದು, ಒಂದು ಊರಿನದು. ಈ ಬದಲಾವಣೆ ನನಗೆ ಮೆಚ್ಚುಗೆಯಾಯಿತು. ಆ ದಿನ ಕೋಟೆಯೊಳಗಿದ್ದವರು ರಾಣಿ ಒಬ್ಬಳೇ ಅಲ್ಲ. ಥ್ಯಾಕರೆಗೆ ಗುಂಡಿಟ್ಟವನೆಂದು ಜನ ಹೇಳುವ ಅಮಟೂರು ಬಾಳಪ್ಪನಿದ್ದ, ಸಂಗೊಳ್ಳಿ ರಾಯಣ್ಣನಿದ್ದ, ಹೆಸರು ಉಳಿಯದ ನೂರಾರು ಜನರಿದ್ದರು. ಮುಖದ ಚೀಟಿಗಳು ನಮ್ಮಲ್ಲಿ ಬೇಕಾದಷ್ಟಿವೆ. ದಿನಗಳ, ಸ್ಥಳಗಳ, ಕೆಲಸಗಳ ಚೀಟಿಗಳು ಸಾಲದು.

ಕೆಲಸದ ಚೀಟಿಗೆ ಒಂದು ಒಳ್ಳೆಯ ಮಾದರಿ ನಮ್ಮ ಬೆಂಗಳೂರಿನ ಪೀಣ್ಯದಲ್ಲೇ ಹುಟ್ಟಿದೆ. ಉಡುಪಿ ಅದಮಾರಿನ ಯು.ಆರ್. ರಾವ್ ಅವರ ತಂಡ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಕಟ್ಟಿದ ಆರ್ಯಭಟ ಉಪಗ್ರಹ 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಹಾರಿತು. ಅದರ ಅಂಚೆಚೀಟಿ ಬಂದದ್ದು ಏಪ್ರಿಲ್ 20ಕ್ಕೆ. ಒಂದೇ ರಾತ್ರಿಯಲ್ಲಿ ಚೀಟಿ ಬರೆದು, ಅಚ್ಚು ಹಾಕಿ, ದೇಶಕ್ಕೆಲ್ಲ ಹಂಚಲು ಆಗದು. ಅಂದರೆ ಉಪಗ್ರಹ ಇನ್ನೂ ನೆಲದ ಮೇಲಿರುವಾಗಲೇ, ಅದು ಹಾರಿಯೇ ಹಾರುತ್ತದೆಂಬ ನಂಬಿಕೆಯಲ್ಲಿ, ಚೀಟಿ ಸಿದ್ಧವಾಗಿ ಕಾಯುತ್ತಿತ್ತು. ಮೊದಲ ಪ್ರಯತ್ನದ ಮೇಲೆ ಒಂದು ಸರ್ಕಾರಿ ಇಲಾಖೆ ಅಷ್ಟು ಭರವಸೆ ಇಟ್ಟದ್ದನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಈಗ ಕೌಂಟರಿನ ಮಾತಿಗೆ ಬರೋಣ. ರಿಜಿಸ್ಟರ್ಡ್ ಪೋಸ್ಟ್ 2025ರ ಸೆಪ್ಟೆಂಬರ್ ಒಂದರಿಂದ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಯಿತು. ಬುಕ್ ಪೋಸ್ಟ್ ಅದಕ್ಕೂ ಮುಂಚೆ, 2024ರ ಡಿಸೆಂಬರಿನಲ್ಲಿ ನಿಂತಿತು; ಸಾಹಿತ್ಯ ಪತ್ರಿಕೆಗಳನ್ನೂ ಪುಸ್ತಕಗಳನ್ನೂ ಕಡಿಮೆ ಖರ್ಚಿನಲ್ಲಿ ಕಳಿಸುತ್ತಿದ್ದವರಿಗೆ ಅದು ದೊಡ್ಡ ಪೆಟ್ಟು. ಸ್ಪೀಡ್ ಪೋಸ್ಟಿಗೆ ಕಂಪ್ಯೂಟರಿನಿಂದ ಬಾರ್‌ಕೋಡಿನ ಪಟ್ಟಿ ಬರುತ್ತದೆ, ಚೀಟಿ ಅಂಟಿಸುವ ಅಗತ್ಯ ಬೀಳುವುದಿಲ್ಲ. ಹೀಗೆ ಚೀಟಿಗೆ ಕಾಗದದ ಮೇಲೆ ಸಿಗುತ್ತಿದ್ದ ಜಾಗ ವರ್ಷ ವರ್ಷಕ್ಕೂ ಕುಗ್ಗುತ್ತಿದೆ. ಆದರೂ ಐವತ್ತು ಪೈಸೆಯ ಕಾರ್ಡು, ಎರಡೂವರೆ ರೂಪಾಯಿಯ ಇನ್‌ಲ್ಯಾಂಡ್, ಐದು ರೂಪಾಯಿಯ ಲಕೋಟೆಯ ಲೆಕ್ಕ ಇನ್ನೂ ಮುಗಿದಿಲ್ಲ. ಸ್ಮರಣೆಯ ಚೀಟಿ ಸಾಮಾನ್ಯ ಕೌಂಟರಿನಲ್ಲಿ ಸಿಗದಿದ್ದರೆ ಬೆಂಗಳೂರು, ಮೈಸೂರು, ಮಂಗಳೂರಿನಂಥ ಕಡೆ ದೊಡ್ಡ ಅಂಚೆ ಕಚೇರಿಗಳ ಫಿಲಾಟೆಲಿ ಬ್ಯೂರೋದಲ್ಲಿ ಕೇಳಬೇಕು. ಇನ್ನೂರು ರೂಪಾಯಿ ಕಟ್ಟಿ ಫಿಲಾಟೆಲಿ ಡಿಪಾಸಿಟ್ ಅಕೌಂಟ್ ತೆರೆದರೆ ಹೊಸದಾಗಿ ಬಂದ ಚೀಟಿಗಳನ್ನು ಅವರೇ ಮನೆಗೆ ಕಳಿಸುತ್ತಾರೆ, ದುಡ್ಡನ್ನು ಖಾತೆಯಿಂದ ಮುರಿದುಕೊಳ್ಳುತ್ತಾರೆ.

ಆರರಿಂದ ಒಂಬತ್ತನೇ ತರಗತಿಯ ಮಕ್ಕಳಿರುವ ಮನೆಯವರು ಇನ್ನೊಂದನ್ನೂ ತಿಳಿದಿರಬೇಕು. 2017ರಲ್ಲಿ ಶುರುವಾದ ದೀನ ದಯಾಳ್ ಸ್ಪರ್ಶ್ ಯೋಜನೆಯಲ್ಲಿ ಅಂಚೆಚೀಟಿ ಸಂಗ್ರಹದ ಹವ್ಯಾಸವಿರುವ ಮಕ್ಕಳಿಗೆ ವಿದ್ಯಾರ್ಥಿವೇತನ ಇದೆ. ತಿಂಗಳಿಗೆ ಐದುನೂರು, ವರ್ಷಕ್ಕೆ ಆರು ಸಾವಿರ ರೂಪಾಯಿ. ದೇಶದಲ್ಲಿ 920 ಮಕ್ಕಳಿಗೆ, ಒಂದೊಂದು ಅಂಚೆ ವೃತ್ತದಲ್ಲಿ 40 ಮಕ್ಕಳಿಗೆ ಎಂದು ಯೋಜನೆ ಮಾಡಿದ್ದಾರೆ. ಮಗು ಶಾಲೆಯ ಫಿಲಾಟೆಲಿ ಕ್ಲಬ್ಬಿನಲ್ಲಿರಬೇಕು, ಕ್ಲಬ್ಬಿಲ್ಲದಿದ್ದರೆ ತನ್ನದೇ ಡಿಪಾಸಿಟ್ ಅಕೌಂಟ್ ಇರಬೇಕು. ರಸಪ್ರಶ್ನೆ ಬರೆಯಬೇಕು, ಒಂದು ವಿಷಯ ಹಿಡಿದು ಚೀಟಿಗಳನ್ನು ಜೋಡಿಸಿ ಪ್ರಾಜೆಕ್ಟ್ ಮಾಡಬೇಕು. ನಾಲ್ವರು ಗಾಯಕರ ಆ ಪುಟ ಇಂಥ ಪ್ರಾಜೆಕ್ಟಿಗೆ ಹೇಳಿ ಮಾಡಿಸಿದಂತಿದೆ. ನಮ್ಮ ಸರ್ಕಾರಿ ಶಾಲೆಗಳ ಮೇಷ್ಟ್ರುಗಳು ಈ ಸುದ್ದಿಯನ್ನು ತರಗತಿಯಲ್ಲಿ ಒಂದು ಸಲ ಹೇಳಿದರೆ ಹಳ್ಳಿಯ ಮಕ್ಕಳಿಗೂ ಆ ನಲವತ್ತರಲ್ಲಿ ಪಾಲು ಸಿಗುತ್ತದೆ.

ಹೊಸ ಚೀಟಿಗಳ ಮಾತಾಡುತ್ತಾ ಅಟ್ಟದ ಮೇಲಿನ ಹಳೆಯ ಕಾಗದದ ಗಂಟನ್ನೂ ನೆನಪಿಸಬೇಕು. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ಜನ ಗಡಿ ದಾಟಿ ಭಾರತಕ್ಕೆ ಬಂದರು. ಅವರ ಅನ್ನ, ಬಿಡಾರದ ಖರ್ಚಿಗೆಂದು ಆ ವರ್ಷದ ನವೆಂಬರ್ 15ರಿಂದ ಟಪಾಲಿನ ಮೇಲೆ ಐದು ಪೈಸೆಯ ಹೆಚ್ಚುವರಿ ಚೀಟಿ ಅಂಟಿಸಬೇಕೆಂದು ಸರ್ಕಾರ ವಿಧಿಸಿತು. ಅಷ್ಟು ಬೇಗ ಹೊಸ ಚೀಟಿ ಅಚ್ಚು ಹಾಕಲು ಸಮಯವಿರಲಿಲ್ಲ. ಚಾಲ್ತಿಯಲ್ಲಿದ್ದ ಐದು ಪೈಸೆಯ ಕುಟುಂಬ ಯೋಜನೆಯ ಚೀಟಿಯ ಮೇಲೆ 'ರೆಫ್ಯೂಜಿ ರಿಲೀಫ್' ಎಂದು ಮೇಲಚ್ಚು ಹೊಡೆದು ಕೊಟ್ಟರು. ನಾಸಿಕದ್ದು ಬಂದು ಸೇರುವವರೆಗೆ ಕಾಯಲಾಗದೆ ಕೆಲವು ಊರುಗಳಲ್ಲಿ ಸ್ಥಳೀಯವಾಗಿಯೇ ಮೇಲಚ್ಚು ನಡೆಯಿತು. ಹಾಗೆ ನಡೆದ ಊರುಗಳಲ್ಲಿ ಬೆಂಗಳೂರೂ ಒಂದು. ಅಕ್ಷರದ ಗಾತ್ರ, ವಿನ್ಯಾಸ ಊರಿಂದೂರಿಗೆ ಬೇರೆ. ಡಿಸೆಂಬರ್ ಒಂದಕ್ಕೆ ನಿರಾಶ್ರಿತರ ಚಿತ್ರವಿರುವ ಹೊಸ ಚೀಟಿ ಬಂತು. ದೇಶಕ್ಕೆ ದೇಶವೇ ಐದೈದು ಪೈಸೆ ಸೇರಿಸಿ ಪರರ ಕಷ್ಟಕ್ಕೆ ಹೆಗಲು ಕೊಟ್ಟ ಕಾಲದ ಸಾಕ್ಷಿ ಅದು.

ಆ ಬೆಂಗಳೂರಿನ ಮೇಲಚ್ಚಿನ ಚೀಟಿ ಇವತ್ತಿಗೂ ಹಳೆಯ ಬೆಂಗಳೂರಿನ ಮನೆಗಳ ಟ್ರಂಕಿನಲ್ಲಿ, ತಾತನಿಗೆ ಬಂದ ಕಾಗದದ ಮೇಲೆ ಇರಬಹುದು. ರದ್ದಿಯವನಿಗೆ ಹಾಕುವ ಮುನ್ನ ಒಂದೊಂದೇ ಲಕೋಟೆ ತೆಗೆದು ನೋಡಿ. 1971ರ ನವೆಂಬರ್ ಹದಿನೈದರಿಂದ ಆ ತಿಂಗಳ ಕೊನೆಯೊಳಗಿನ ಠಸ್ಸೆ ಇರುವ ಕಾಗದ ಸಿಕ್ಕರೆ ಚೀಟಿಯನ್ನು ನೀರಿನಲ್ಲಿ ನೆನೆಸಿ ಬಿಡಿಸಬೇಡಿ, ಕತ್ತರಿಸಲೂ ಬೇಡಿ. ಲಕೋಟೆ ಇದ್ದಂತೆ ಇಡಿ, ಅಂಚೆಯ ಊರು, ದಿನಾಂಕ ಸ್ಪಷ್ಟವಾಗಿದೆಯೇ ನೋಡಿಕೊಳ್ಳಿ, ಗಾಳಿಯಾಡುವ ಕಾಗದದ ಕವರಿನಲ್ಲಿ ಹಾಕಿ, ಗೊತ್ತಿದ್ದ ಸಂಗ್ರಾಹಕರಿಗೆ ತೋರಿಸಿ.